ಸಹಿ ಇಲ್ಲದ ಹದಿನೇಳು ಲಕೋಟೆಗಳು

ಸುಪೀರಿಯರ್ ಸರೋವರ ಹೆಪ್ಪುಗಟ್ಟಿ ಆರು ವಾರ.
ಅದಿರಿನ ಹಡಗುಗಳು ಕಟ್ಟೆಗೆ ಕಟ್ಟಿಸಿಕೊಂಡು ಮಲಗಿವೆ.
ಚುನಾವಣೆಗೆ ಇದೇ ಕಾಲ ಎಂದು
ಯಾರೋ ಹಿರಿಯರು ನಿಯಮದಲ್ಲಿ ಬರೆದರು;
ಕೈಗೆ ಕೆಲಸವಿಲ್ಲದಾಗ
ಬಾಯಿಗೆ ಎಷ್ಟು ಕೆಲಸವೆಂದು
ಅವರಿಗೆ ತಿಳಿದಿರಲಿಲ್ಲ.

ಯೂನಿಯನ್ ಹಾಲಿನ ನೆಲಮಾಳಿಗೆ, ಉದ್ದ ಮೇಜು.
ಅರ್ವೊನ ಕಡೆಯಿಂದ ಟೌನೊ,
ಇವೆಟ್‌ಳ ಕಡೆಯಿಂದ ಡೆಲ್ಮರ್,
ಯಾರ ಕಡೆಯೂ ಅಲ್ಲದವಳೆಂದು ನಾನು, ಲೆಂಪಿ.
ಮೂವತ್ತೊಂದು ವರ್ಷ ತೂಕದ ಮನೆಯಲ್ಲಿ ಕೂತು
ಅದಿರಿನ ವ್ಯಾಗನ್ ತೂಗಿದವಳು,
ಮುಳ್ಳು ನಿಂತಲ್ಲಿಗೆ ಮಾತೂ ನಿಲ್ಲಿಸುವವಳು.

ಅರ್ವೊ ಹಾಪಲಾ ಇಪ್ಪತ್ತೆರಡು ವರ್ಷದ ಅಧ್ಯಕ್ಷ.
ದೊಡ್ಡ ಮುಷ್ಕರದಲ್ಲಿ ಗೇಟಿನೆದುರು
ಡ್ರಮ್ಮಿನಲ್ಲಿ ಬೆಂಕಿ ಹಾಕಿ
ನಲವತ್ತು ರಾತ್ರಿ ನಿಂತವನು.
‘ಆ ಬೆಂಕಿಯಲ್ಲೇ ಇನ್ನೂ ಕೈ ಕಾಯಿಸ್ತಿದ್ದಾನೆ’
ಅಂದಳು ಇವೆಟ್ ಕಡೋಟ್, ಕ್ರೇನಿನವಳು.
ತೊಂಬತ್ತು ಅಡಿ ಮೇಲಿಂದ
ನಡಿಗೆ ನೋಡಿಯೇ ಹೇಳುತ್ತಾಳೆ
ಯಾರು ಯಾರ ಓಟು ಅಂತ.

ನವೆಂಬರಿನ ಎರಡೇ ರಾತ್ರಿಯಲ್ಲಿ
ಆಫೀಸಿನ ಜೆರಾಕ್ಸ್ ಯಂತ್ರದ ಲೆಕ್ಕ
ನಾಲ್ಕು ಸಾವಿರ ಮುಂದೆ ಹಾರಿತ್ತು.
ನಮ್ಮದೇ ಚಂದಾ, ನಮ್ಮದೇ ಕಾಗದ,
‘ಅನುಭವಕ್ಕೆ ನಿಮ್ಮ ಮತ.’
ಕೇಳಿದರೆ ಅರ್ವೊ, ‘ಶಾಯಿ ನಾನೇ ತಂದಿದ್ದೆ’ ಅಂದ.

ಅದಾದ ವಾರಕ್ಕೆ ಪಾರ್ಕಿಂಗಿನ ಪ್ರತಿ ಕಾರಿನ ವೈಪರಿನಡಿ
ಹೆಸರಿಲ್ಲದ ಹಳದಿ ಚೀಟಿ:
ಮುಷ್ಕರ ನಿಧಿಯಿಂದ ನಾಲ್ಕು ಸಾವಿರದ ಇನ್ನೂರು ಡಾಲರ್,
ಅಧ್ಯಕ್ಷರ ಹೆಂಡತಿಯ ಆಸ್ಪತ್ರೆ ಬಿಲ್ಲು.
‘ಬರೆದದ್ದು ನಾನಲ್ಲ’ ಅಂದಳು ಇವೆಟ್,
‘ಆದರೆ ಸುಳ್ಳೂ ಅಲ್ಲವಲ್ಲ.’

ಸುಳ್ಳಲ್ಲ.
ಆ ಚೆಕ್ಕಿಗೆ ಎರಡು ಸಹಿ, ಎರಡನೆಯದು ನನ್ನದು.
ಅವತ್ತು ಸಭೆಯಲ್ಲಿ ಎಲ್ಲರೂ ಹೂಂ ಅಂದಿದ್ದೆವು.
ಇವೆಟ್ ಕೂಡ; ಎಲ್ಲರಿಗಿಂತ ಮೊದಲು.
ನಡಾವಳಿಯಲ್ಲಿ ಯಾರೂ ಬರೆಯಲಿಲ್ಲ.
ಅರ್ವೊ ಎರಡೂ ಕೈಯಲ್ಲಿ ಮುಖ ಮುಚ್ಚಿ ಕೂತಿದ್ದಾಗ
ಪೆನ್ನಿನ ಮುಚ್ಚಳ ತೆಗೆಯುವುದು ಹೇಗೆ?
ಸಿಲ್ವಿ ಮಾರ್ಚಿನಲ್ಲಿ ಹೋದಳು.

ಅವನೂ ಬಾಯಿಬಿಡಲಿಲ್ಲ.
‘ಸತ್ತವಳನ್ನು ಹೊತ್ತು ಓಟು ಕೇಳಲಾರೆ’ ಅಂದ,
ಕಂಕುಳಲ್ಲಿ ಕದ್ದ ಕಾಗದದ ಕಟ್ಟು.

ಬೆಳಿಗ್ಗೆ, ಎಣಿಕೆಗೆ ಮೊದಲು,
ಸಹಿ ಇಲ್ಲದ ಹದಿನೇಳು ಲಕೋಟೆ ಪಕ್ಕಕ್ಕಿಟ್ಟಾಗ
‘ನಿಯಮ ಅಂದರೆ ನಿಯಮ’ ಅಂದವನು ಡೆಲ್ಮರ್.
‘ಮರೆವು ಪಾಪವೇನಯ್ಯಾ’ ಅಂದವನು ಟೌನೊ.
ಸಂಜೆ ಅರ್ವೊ ಇನ್ನೂರ ಹನ್ನೆರಡು,
ಇವೆಟ್ ಇನ್ನೂರ ಮೂರು.
ನಿಯಮದ ಪುಸ್ತಕ ಮೇಜಿನ ಮೇಲೆ
ಇವನ ಕಡೆಯಿಂದ ಅವನ ಕಡೆಗೆ ಜಾರಿತು.
ಈಗ ಟೌನೊ ಕಲಂ ಓದುತ್ತಾನೆ, ಕನ್ನಡಕ ಏರಿಸಿ;
ಡೆಲ್ಮರ್ ಮನುಷ್ಯತ್ವ ಅನ್ನುತ್ತಾನೆ.

ಅಸಿಂಧುವಾದ ಒಂದು ಮತಪತ್ರ:
ಎರಡೂ ಹೆಸರಿಗೆ ಅಡ್ಡಗೆರೆ, ಕೆಳಗೆ ಪೆನ್ಸಿಲಿನಲ್ಲಿ
‘ಊಟದ ಕೋಣೆಯ ಹೀಟರ್ ಮೂರು ಚಳಿಗಾಲದಿಂದ ಕೆಟ್ಟಿದೆ.’
ಮೂವರೂ ನಕ್ಕೆವು.
ಇಡೀ ದಿನದಲ್ಲಿ ಒಟ್ಟಿಗೆ ಮಾಡಿದ್ದು ಅದೊಂದೇ.
ಟೌನೊ ಫ್ಲಾಸ್ಕಿನಿಂದ ಡೆಲ್ಮರನಿಗೂ ಕಾಫಿ ಬಗ್ಗಿಸಿದ.

ಈಗ ಇಬ್ಬರೂ ನನ್ನ ಮುಖ ನೋಡುತ್ತಿದ್ದಾರೆ.
ತಕ್ಕಡಿಯ ಮುಳ್ಳು ನೋಡುವ ಹಾಗೆ.

ಕಟ್ಟಿನಲ್ಲಿ ಮೇಲಿನಿಂದ ಆರನೆಯದು,
ಮೂಲೆಯಲ್ಲಿ ಕಾಫಿ ಲೋಟದ ಅರ್ಧ ಬಳೆ.
ಅದು ನನ್ನ ಅಡುಗೆಮನೆಯ ಲೋಟ.
ಚೆಕ್ಕಿಗೆ ತಡವರಿಸದ ಕೈ
ಆ ಗೆರೆಯ ಮೇಲೆ ಬಹಳ ಹೊತ್ತು ನಿಂತು
ಅಂಟು ನೆಕ್ಕಿ ಮುಚ್ಚಿಬಿಟ್ಟಿತ್ತು.
ಒಳಗೆ ಯಾರ ಹೆಸರಿಗೆ ಗುರುತು ಹಾಕಿದ್ದೆನೋ—
ಗೊತ್ತಿಲ್ಲ ಅಂದರೆ ನೀವು ನಂಬುವುದಿಲ್ಲ.

ಮೆಟ್ಟಿಲ ಮೇಲೆ ಬೂಟುಗಳು, ಹಿಮ ಕೊಡವುವ ಸದ್ದು.
‘ಆಯ್ತಾ ಲೆಂಪಿ?’ ಅಂತ ಯಾರೋ ಕೂಗಿದರು.
ಅರ್ವೊನ ದನಿ ಅನ್ನಿಸಿತು. ಇರಲಿಕ್ಕಿಲ್ಲ.
‘ಇನ್ನೂ ಇಲ್ಲ’ ಅಂದೆ,
ರಬ್ಬರ್ ಬ್ಯಾಂಡ್ ಬಿಚ್ಚಿದೆ.